ಟಿಫಿನ್ ಡಬ್ಬಿಯೊಳಗಿನ ಕಿಡಿ

ಮೊನ್ನೆ ಅಟ್ಟ ಗುಡಿಸಲು ಹತ್ತಿದ ಸೊಸೆ ಒಂದು ಅಲ್ಯೂಮಿನಿಯಂ ಟಿಫಿನ್ ಡಬ್ಬಿ ಕೆಳಗಿಳಿಸಿ, "ಅತ್ತೆ, ಇದಕ್ಕೆ ಯಾರು ತೂತು ಹೊಡೆದಿದ್ದು?" ಎಂದು ಕೇಳಿದಳು. ಪಕ್ಕದಲ್ಲಿ ನಾಲ್ಕು ತೂತು, ತಳದಲ್ಲಿ ಎರಡು, ಮುಚ್ಚಳದ ಮೇಲೆ ಮೊಳೆಯಲ್ಲಿ ಗೀಚಿದ 'ಗಿರಿಜಾ' ಎಂಬ ನನ್ನದೇ ಹೆಸರು. ಕಳ್ಳಿಯನ್ನು ಹುಡುಕಲು ಪೊಲೀಸರೇನೂ ಬೇಕಿರಲಿಲ್ಲ. "ನಾನೇ ಕಣೇ" ಎಂದೆ. "ಯಾಕೆ?" ಎಂದಳು. ಯಾಕೆ ಎಂಬುದನ್ನು ಹೇಳಲು ಹೊರಟರೆ ಅವಳ ಅಟ್ಟ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಅವಳಿಗೆ "ದೊಡ್ಡ ಕಥೆ" ಎಂದಷ್ಟೇ ಹೇಳಿ ನಿಮ್ಮ ಮುಂದೆ ಕೂತಿದ್ದೇನೆ. ನಿಮಗೆ ಗುಡಿಸುವ ಕೆಲಸವಿದ್ದರೆ ಮೊದಲು ಮುಗಿಸಿಕೊಂಡು ಬನ್ನಿ.

ನನ್ನ ತಂದೆ ದನದ ಡಾಕ್ಟರು. ನಾವು ದಾವಣಗೆರೆ ಕಡೆಯವರು, ಆದರೆ ಅಪ್ಪಾಜಿಯ ಕೊನೆಯ ವರ್ಗಾವಣೆ ಬೆಂಗಳೂರಿಗಾಗಿ ರಾಜಾಜಿನಗರದಲ್ಲೇ ಮನೆ ಕಟ್ಟಿಕೊಂಡೆವು. ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯಿಂದ ಪಶ್ಚಿಮಕ್ಕೆ ಹೊರಟರೆ ವಿಜಯನಗರ ದಾಟುವಷ್ಟರಲ್ಲಿ ಊರು ಮುಗಿಯುತ್ತಿತ್ತು. ಆಮೇಲೆ ರಾಗಿ ಹೊಲ, ಅವರೆ ಹೊಲ, ಮೂಡಲಪಾಳ್ಯ, ಹೇರೋಹಳ್ಳಿ, ಎಲ್ಲ ಕಡೆಯೂ ದನ. ಅಪ್ಪಾಜಿ ನಿವೃತ್ತರಾದರೂ ದನಗಳಿಗೆ ಆ ವಿಷಯವನ್ನು ಯಾರೂ ತಿಳಿಸಿರಲಿಲ್ಲ. ಹೊಟ್ಟೆ ಉಬ್ಬರಿಸಿದರೆ, ಕರು ಅಡ್ಡ ತಿರುಗಿದರೆ ಹಳ್ಳಿಯವರು ಸೈಕಲ್ ತುಳಿದುಕೊಂಡು ನಮ್ಮ ಗೇಟಿನ ಹತ್ತಿರವೇ ಬರುತ್ತಿದ್ದರು.

ಹೋಗಿಬರಲು ಒಂದು ಕಾರಿತ್ತು. ಯಾರೋ ಇಂಗ್ಲಿಷ್ ದೊರೆ ಬಿಟ್ಟುಹೋದ, ನನಗಿಂತ ವಯಸ್ಸಾದ, ಬೆನ್ನು ಗುಂಡಗಿರುವ ಕಪ್ಪು ಕಾರು. ಅದರೊಳಗೆ ಫಿನಾಯಿಲು, ಸಗಣಿ, ಬಿಸಿಲಿಗೆ ಕಾದ ಚರ್ಮ ಮೂರೂ ಕೂಡಿದ ಒಂದು ವಾಸನೆ ಇತ್ತು. ಚಿಕ್ಕಂದಿನಲ್ಲಿ ಅದರಲ್ಲಿ ಶಾಲೆಗೆ ಹೋಗುವುದೆಂದರೆ ನನಗೆ ಪ್ರಾಣಸಂಕಟ. ಗೆಳತಿಯರ ಅಪ್ಪಂದಿರು ಸೈಕಲ್ಲಿನಲ್ಲಿ ಬರುತ್ತಿದ್ದರು. ಕಾರಿನಲ್ಲಿ ಬರುವವಳು ನಾನೊಬ್ಬಳೇ ಆದರೂ ನನ್ನ ಪಕ್ಕ ಕೂರಲು ಯಾರೂ ಮುಂದಾಗುತ್ತಿರಲಿಲ್ಲ. ನಾನು ಶಾಲೆಯ ಹಿಂದಿನ ರಸ್ತೆಯಲ್ಲೇ ಇಳಿದು, ಲಂಗ ಕೊಡವಿಕೊಂಡು, ನಡೆದುಬಂದವಳಂತೆ ಮುಖ ಮಾಡುತ್ತಿದ್ದೆ.

ಈಗ ಪಾಯಿಂಟಿನ ವಿಷಯ ಹೇಳಲೇಬೇಕು, ಹೆದರಬೇಡಿ. ಹಳೆಯ ಕಾರಿನಲ್ಲಿ ಪೆಟ್ರೋಲಿಗೆ ಕಿಡಿ ತಾಗಿಸಲು 'ಪಾಯಿಂಟ್' ಎಂಬ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಅವು ಒಂದಕ್ಕೊಂದು ಮುಟ್ಟಿ ಬಿಟ್ಟಾಗಲೆಲ್ಲ ಒಂದು ಕಿಡಿ. ಮುಟ್ಟಿ ಮುಟ್ಟಿ ಅವು ಸುಟ್ಟು ತರಿತರಿಯಾಗುತ್ತವೆ, ಆಗ ಗಾಡಿ ಏಳುವುದಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ, ಎರಡರ ನಡುವಿನ ಸಂದನ್ನು ಸರಿಯಾಗಿ ಅಳೆದಿಡಬೇಕು. ಅಳೆಯುವುದಕ್ಕೆಂದೇ ಉಕ್ಕಿನ ತೆಳು ಪಟ್ಟಿಗಳು ಸಿಗುತ್ತವಂತೆ. ಆದರೆ ನಮ್ಮ ಮೆಕ್ಯಾನಿಕ್ ಪ್ಯಾರು ಸಾಬರು ಅಳೆಯುತ್ತಿದ್ದುದು ಲಗ್ನಪತ್ರಿಕೆಯಲ್ಲಿ.

ತಮಾಷೆಯಲ್ಲ. ಪತ್ರಿಕೆಯ ಮೂಲೆ ಹರಿದು ಪಾಯಿಂಟಿನ ನಡುವೆ ತೂರಿಸಿ, ಅದು ಬಿಗಿಯಾಗಿಯೂ ಅಲ್ಲದೆ ಸಡಿಲವಾಗಿಯೂ ಅಲ್ಲದೆ ಜಾರಿದರೆ ಸಂದು ಸರಿ ಎಂದರ್ಥ. "ಸಾಹುಕಾರ್ರ ಮದುವೆ ಕಾರ್ಡು ದಪ್ಪ ಡಾಕ್ಟ್ರೇ, ಗಾಡಿ ಕೆಮ್ಮುತ್ತೆ. ಮೇಷ್ಟ್ರ ಮನೆ ಕಾರ್ಡು ತನ್ನಿ, ಅದು ಕರೆಕ್ಟು" ಎನ್ನುತ್ತಿದ್ದರು. ಹೀಗಾಗಿ ನಮ್ಮ ಮನೆಗೆ ಯಾವ ಲಗ್ನಪತ್ರಿಕೆ ಬಂದರೂ ಅಪ್ಪಾಜಿ ಮೊದಲು ವರನ ಹೆಸರು ನೋಡುತ್ತಿರಲಿಲ್ಲ, ಬೆರಳಲ್ಲಿ ಕಾಗದ ತಿಕ್ಕಿ ನೋಡುತ್ತಿದ್ದರು. ಒಮ್ಮೆ ಮುಹೂರ್ತದ ವೇಳೆ ಅಚ್ಚಾಗಿದ್ದ ಮೂಲೆಯೇ ಗಾಡಿಯ ಪಾಲಾಗಿ, ನಾವು ರೇಷ್ಮೆ ಉಟ್ಟು ಛತ್ರಕ್ಕೆ ಹೋದಾಗ ಎಲೆ ಎತ್ತಿ ನೆಲ ತೊಳೆಯುತ್ತಿದ್ದರು. ಅವ್ವ ದಾರಿಯುದ್ದಕ್ಕೂ ಕಾರಿನ ಜೊತೆ ಮಾತು ಬಿಟ್ಟಿದ್ದಳು. ಅಪ್ಪಾಜಿ ಜೊತೆಗೂ ಬಿಟ್ಟಿದ್ದಳೆನ್ನಿ.

ಇಷ್ಟರಲ್ಲಿ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮ ವಿಭಾಗದಲ್ಲಿ ಸಾಲಾಗಿ ಕೂತ ಹೆಂಗಸರೇ. ಬೆಳಗಿನಿಂದ ಸಂಜೆವರೆಗೆ ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುವುದು. ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ರೇಡಿಯೊ ಕೆಟ್ಟರೆ ಇಡೀ ಬೀದಿ ನನ್ನನ್ನೇ ಕರೆಯುತ್ತಿತ್ತು. ಇಸ್ತ್ರಿಪೆಟ್ಟಿಗೆ ಕೆಟ್ಟಾಗಲೂ ಕರೆದರೆ, "ಅದೆಲ್ಲ ಎಲೆಕ್ಟ್ರಿಕಲ್ ಆಂಟಿ, ನಾನು ಎಲೆಕ್ಟ್ರಾನಿಕ್ಸ್" ಎಂದು ಮೂಗೇರಿಸುತ್ತಿದ್ದೆ. ಆ ಮೂಗನ್ನು ಈಗ ನೆನೆದರೆ ನನಗೇ ಹಿಂಡಬೇಕೆನಿಸುತ್ತದೆ.

ಆ ವರ್ಷ ಒಂದು ಅನಾಹುತವಾಯಿತು. ಗಾಡಿ ಏಳದೆ ಅಪ್ಪಾಜಿ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದಾಗ ಅದು ಹಿಂದಕ್ಕೆ ಒದ್ದು ಅವರ ಬಲ ಮಣಿಕಟ್ಟು ಮುರಿಯಿತು. ವಾರಗಟ್ಟಲೆ ಪ್ಲಾಸ್ಟರ್. ಬಿಚ್ಚಿದ ಮೇಲೂ ಅವರು ಮೊದಲಿನಂತಾಗಲಿಲ್ಲ. ಹಳ್ಳಿಯಿಂದ ಯಾರಾದರೂ ಬಂದರೆ ಹೋಗಿ ಗಾಡಿಯಲ್ಲಿ ಕೂತು, ನಾಲ್ಕು ಸಲ ಗರ್ರೆನಿಸಿ, ಇಳಿದು ಬಂದು, "ಗಾಡಿ ಏಳ್ತಿಲ್ಲ ಕಣಯ್ಯಾ. ಕೆಂಗೇರಿಗೆ ಹೊಸ ಡಾಕ್ಟ್ರು ಬಂದಿದಾರೆ, ಅವರನ್ನ ಕರ್ಕೊಂಡ್ ಹೋಗು" ಎಂದು ಕಳಿಸುತ್ತಿದ್ದರು. ಆಮೇಲೆ ಜಗಲಿಯ ಕುರ್ಚಿಯಲ್ಲಿ ಓದಿದ ಪೇಪರನ್ನೇ ಮತ್ತೆ ಓದುತ್ತಿದ್ದರು. ಮೂವತ್ತು ವರ್ಷ ಹಟ್ಟಿ ಹಟ್ಟಿ ಅಲೆದ ಮನುಷ್ಯ ಹಾಗೆ ಕೂತಿದ್ದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಗಾಡಿ ಎದ್ದರೆ ಅಪ್ಪಾಜಿ ಏಳುತ್ತಾರೆ, ಇಲ್ಲವಾದರೆ ಆ ಕುರ್ಚಿಯಲ್ಲೇ ಮುದುಕರಾಗಿಬಿಡುತ್ತಾರೆ ಎಂದು ತೀರ್ಮಾನಿಸಿದೆ. ತೀರ್ಮಾನ ಮಾಡುವುದರಲ್ಲಿ ನಾನು ಆಗ ಬಹಳ ಚುರುಕು.

ಫ್ಯಾಕ್ಟರಿಯ ಲೈಬ್ರರಿಯಲ್ಲಿ ಒಂದು ವಿದೇಶಿ ಪತ್ರಿಕೆ ಸಿಕ್ಕಿತು. ಹಳೇ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು ಹೇಗೆ ಎಂದು ನಕ್ಷೆ ಸಮೇತ ಕೊಟ್ಟಿದ್ದರು. ಭಾರವನ್ನೆಲ್ಲ ಟ್ರಾನ್ಸಿಸ್ಟರ್ ಹೊರುತ್ತದೆ, ಪಾಯಿಂಟಿಗೆ ಬರೀ ಸನ್ನೆ ಮಾಡುವ ಕೆಲಸ. ಹಾಗಾಗಿ ಅದು ಸುಡುವುದಿಲ್ಲ, ಕಿಡಿ ಜೋರು, ಗಾಡಿ ಒಂದೇ ಏಟಿಗೆ ಏಳುತ್ತದೆ. ನಕ್ಷೆ ಬರೆದುಕೊಂಡು, ಬಿಡಿಭಾಗಗಳಿಗಾಗಿ ಅಂಗಡಿಬೀದಿ ಅಲೆದು, ಎಲ್ಲವನ್ನೂ ಕೂರಿಸಲು ಒಂದು ಲೋಹದ ಪೆಟ್ಟಿಗೆ ಬೇಕಾದಾಗ ನನ್ನ ಟಿಫಿನ್ ಡಬ್ಬಿಗೇ ತೂತು ಹೊಡೆದೆ. ಅವ್ವ, "ಅನ್ನ ಯಾವುದ್ರಲ್ಲಿ ಒಯ್ಯತಿ?" ಎಂದಳು. ಮುಂದಿನ ಒಂದು ತಿಂಗಳು ಹಾಲಿನಪುಡಿಯ ತಗಡಿನ ಡಬ್ಬದಲ್ಲಿ ಚಿತ್ರಾನ್ನ ಒಯ್ದೆ. ಅದರ ಮೇಲೆ ನಗುವ ಮಗುವಿನ ಚಿತ್ರವಿತ್ತು. ಬಸ್ಸಿನಲ್ಲಿ ಎಲ್ಲರೂ ಮೊದಲು ಮಗುವನ್ನೂ ಆಮೇಲೆ ನನ್ನನ್ನೂ ನೋಡುತ್ತಿದ್ದರು.

ಅಪ್ಪಾಜಿಗೆ ಮಾತ್ರ ಉತ್ಸಾಹವಿರಲಿಲ್ಲ. "ಹಳೇ ಗಾಡಿ, ಅದಕ್ಕ್ಯಾಕೆ ಇಷ್ಟೆಲ್ಲ, ಬಿಡವ್ವಾ" ಎಂದರು. ಇನ್ನೊಂದು ದಿನ, "ಅವಸರ ಏನಿಲ್ಲವ್ವಾ, ನಿಧಾನಕ್ಕೆ ಮಾಡು" ಎಂದರು. ಮಗಳು ದಣಿಯಬಾರದೆಂಬ ಅಕ್ಕರೆ ಎಂದುಕೊಂಡು ನಾನು ಇನ್ನಷ್ಟು ಅವಸರ ಮಾಡಿದೆ.

ಒಂದು ಭಾನುವಾರ ಬೆಳಿಗ್ಗೆ ಪ್ರತಿಷ್ಠಾಪನೆ. ಪ್ಯಾರು ಸಾಬರು ತಾವಾಗಿಯೇ ಬಂದು ಬಾನೆಟ್ ಎತ್ತಿದರು. ಮೂವತ್ತು ವರ್ಷದಿಂದ ಅಂಥ ಗಾಡಿಗಳ ಹೊಟ್ಟೆಯೊಳಗೆ ಕೈಯಾಡಿಸಿದ ಮನುಷ್ಯ. ಅವರಿಗೆ ನಾನು ಹೇಳಿದ ಮಾತು ಕೇಳಿ: "ನೀವು ಸ್ವಲ್ಪ ಆ ಕಡೆ ನಿಂತ್ಕೊಳಿ ಸಾಬ್ರೇ. ಇದು ಟ್ರಾನ್ಸಿಸ್ಟರು, ಲಗ್ನಪತ್ರಿಕೆ ಕೆಲಸ ಅಲ್ಲ." ಅವರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಬೇಲಿಗೊರಗಿ ನಿಂತರು.

ಅವ್ವ ಗಾಡಿಯ ಹಣೆಗೂ ನನ್ನ ಡಬ್ಬಿಗೂ ಮೂರು ಮೂರು ಗೆರೆ ವಿಭೂತಿ ಎಳೆದು, ಬಾನೆಟ್ಟಿನ ಸಂದಿಗೆ ಊದುಬತ್ತಿ ಸಿಕ್ಕಿಸಿದಳು. ಅಕ್ಕಪಕ್ಕದವರೆಲ್ಲ ಗೇಟಿನ ಬಳಿ ಸೇರಿದರು. ನಾನು ಸ್ವಿಚ್ ತಿರುಗಿಸಿದೆ. ಗಾಡಿಯಿಂದ ಸದ್ದಿಲ್ಲ. ಹೊಗೆ ಮಾತ್ರ ಸಣ್ಣಗೆ ಏಳುತ್ತಿತ್ತು, ಊದುಬತ್ತಿಯದೆಂದು ಎಲ್ಲರೂ ಭಕ್ತಿಯಿಂದ ನೋಡುತ್ತಿದ್ದರು. ಎದುರುಮನೆಯ ಅಜ್ಜಿಯೊಬ್ಬರು ಕೈಮುಗಿದರು ಕೂಡ. ಆಮೇಲೆ ಡಬ್ಬಿಯೊಳಗಿಂದ ಫಟ್ ಎಂದಿತು. ಸುಟ್ಟ ವಾಸನೆ ಬಂದಿತು. ಎರಡು ತಿಂಗಳ ದುಡಿಮೆ ವಿಭೂತಿ ಸಮೇತ ಬೂದಿಯಾಯಿತು.

ಪ್ಯಾರು ಸಾಬರು ಆಗ ಹತ್ತಿರ ಬಂದು ಮೆಲ್ಲಗೆ, "ಅಮ್ಮಾ, ಬ್ಯಾಟ್ರಿದು ಮೈನಸ್ಸು ಗಾಡಿ ಬಾಡೀಗೆ ಅಂತ ಕನೆಕ್ಷನ್ ಕೊಟ್ರಾ?" ಎಂದು ಕೇಳಿದರು.

"ಮತ್ತೆ? ಬಾಡೀಗೆ ಮೈನಸ್ಸೇ ಅಲ್ವಾ ಕೊಡೋದು?"

"ಈಗಿನ ಗಾಡಿಗೆ ಹಂಗೇ. ಈ ಹಳೇ ದೊರೆ ಗಾಡಿಗೆ ಉಲ್ಟಾ ಅಮ್ಮಾ. ಇದ್ರಲ್ಲಿ ಬಾಡೀಗೆ ಪ್ಲಸ್ಸು."

"ಮೊದ್ಲೇ ಹೇಳಬಾರದಾಗಿತ್ತಾ ಸಾಬ್ರೇ?"

"ನೀವು ಆ ಕಡೆ ನಿಂತ್ಕೊಳಿ ಅಂದ್ರಲ್ಲಾ" ಎಂದರು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ಜಗಳ ಮಾಡಬಹುದಿತ್ತು. ಡಿಪ್ಲೊಮಾದ ಮೂರು ವರ್ಷ, ಫ್ಯಾಕ್ಟರಿಯ ಎರಡು ವರ್ಷ, ಕೈಗೆ ಬಂದ ಪ್ರತಿ ಪೆಟ್ಟಿಗೆಯಲ್ಲೂ ಮೈಗೆ ಮೈನಸ್ಸೇ ಕೊಟ್ಟವಳು ನಾನು. ಬ್ಯಾಟರಿಯ ತಂತಿ ಎಲ್ಲಿಗೆ ಹೋಗಿದೆ ಎಂದು ಬಗ್ಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಬಗ್ಗುವ ಅಭ್ಯಾಸವಿರಲಿಲ್ಲ. ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದಾಗ ಅಪ್ಪಾಜಿಯೊಬ್ಬರೇ ಹಗುರಾಗಿ, "ಹೋಗ್ಲಿ ಬಿಡವ್ವಾ, ಆಗಿದ್ದಾಯ್ತು. ಕಾಫಿ ಕುಡಿಯಣ" ಎಂದರು. ಎಂಥ ದೊಡ್ಡ ಮನಸ್ಸು ಎಂದು ನನಗೆ ಕಣ್ಣು ತುಂಬಿ ಬಂತು.

ದೊಡ್ಡ ಮನಸ್ಸಿನ ಅಪ್ಪನಿಗಾಗಿ ಮತ್ತೆ ಒಂದು ತಿಂಗಳು ಕೂತೆ. ನಕ್ಷೆಯನ್ನೆಲ್ಲ ತಿರುವುಮುರುವು ಮಾಡಿ, ಬೇರೆ ಬಗೆಯ ಟ್ರಾನ್ಸಿಸ್ಟರ್ ಹುಡುಕಿ ಹಾಕಿದೆ. ಈ ಸಲ ಪ್ಯಾರು ಸಾಬರ ಕೈಯಿಂದಲೇ ತಂತಿ ಕಟ್ಟಿಸಿದೆ. ಪೂಜೆ ಬೇಡವೆಂದೆ, ಅವ್ವ ಕದ್ದು ವಿಭೂತಿ ಹಚ್ಚಿದಳು. ಗಾಡಿ ಅರ್ಧ ಗರ್ ಎನ್ನುವಷ್ಟರಲ್ಲಿ ಎದ್ದು ನಿಂತಿತು. ಆರಿಸಿ ಮತ್ತೆ ಹಚ್ಚಿದೆ, ಮತ್ತೆ ಎದ್ದಿತು. ಹನ್ನೊಂದು ಸಲ ಹಚ್ಚಿ ಆರಿಸಿದ ಮೇಲೆ ಅವ್ವ, "ಪೆಟ್ರೋಲು ನೀರಲ್ಲ" ಎಂದಳು.

ಒಂದು ವಾರ ಕಳೆದಿರಲಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಹೇರೋಹಳ್ಳಿಯ ಗಂಗಣ್ಣ ಏದುಸಿರು ಬಿಡುತ್ತ ಸೈಕಲ್ ಇಳಿದ. "ಹಸ ರಾತ್ರಿಯಿಂದ ತಿಣುಕ್ತಾ ಐತೆ ಸಾಮಿ. ಒಂದು ಕಾಲು ಮಾತ್ರ ಆಚೆ ಬಂದೈತೆ." ನನಗೆ ರಜೆ ಇತ್ತು. "ನಡೀರಿ ಅಪ್ಪಾಜಿ, ನಾನೂ ಬರ್ತೀನಿ" ಎಂದು ಕುಣಿದೆ. ಅಪ್ಪಾಜಿ ಕನ್ನಡಕ ಹುಡುಕಿದರು, ಅದು ಮೂಗಿನ ಮೇಲೇ ಇತ್ತು. ನೀರು ಕುಡಿದರು. ಬ್ಯಾಗು ತೆರೆದು ಮುಚ್ಚಿದರು. ಗಾಡಿಯಲ್ಲಿ ಕೂತು ಗುಂಡಿ ಎಳೆದರು, ಅದು ತಕ್ಷಣ ಎದ್ದಿತು. "ನೋಡಿದ್ರಾ!" ಎಂದು ನಾನು ಚಪ್ಪಾಳೆ ತಟ್ಟಿದೆ. ಅವರು ಒಮ್ಮೆ ಆರಿಸಿ ಮತ್ತೆ ಹಚ್ಚಿ ನೋಡಿದರು, ಮತ್ತೂ ಎದ್ದಿತು. ವಿಜಯನಗರ, ಮೂಡಲಪಾಳ್ಯ ದಾಟಿ ಮಣ್ಣುದಾರಿಯಲ್ಲಿ ಕುಲುಕುತ್ತಾ ಹೋಗುವಾಗ ನಾನು ಇಡೀ ದಾರಿ ಟ್ರಾನ್ಸಿಸ್ಟರಿನ ಗುಣಗಾನ ಮಾಡಿದೆ. ಅಪ್ಪಾಜಿ ದಾರಿಯ ಮೇಲಿನ ಕಣ್ಣು ತೆಗೆಯದೆ ಗಾಡಿ ಓಡಿಸಿದರು. ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಹಟ್ಟಿಯಲ್ಲಿ ಹಸು ಮಲಗಿಬಿಟ್ಟಿತ್ತು. ಅಪ್ಪಾಜಿ ಅಂಗಿ ಕಳಚಿ, ಭುಜದವರೆಗೆ ಸೋಪು ಹಚ್ಚಿ ಒಳಗೆ ಕೈ ಹಾಕಿದರು. ಹಣೆಯಲ್ಲಿ ಬೆವರಿಳಿಯಿತು. ಕೈ ತೆಗೆದರು, ಮತ್ತೆ ಹಾಕಿದರು. ಎಡಗೈ ಹಾಕಿ ನೋಡಿದರು, ಅದಕ್ಕೆ ಆ ವಿದ್ಯೆ ಗೊತ್ತಿರಲಿಲ್ಲ. ಮೂರನೇ ಸಲ ಬಲಗೈಯನ್ನು ಹೊರತೆಗೆದು ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಗಿರಿಜಾ, ಬಳೆ ತೆಗಿ. ಸೋಪು ಹಚ್ಕೊ" ಎಂದರು.

"ನಾನಾ?"

"ನೀನೇ ಅವ್ವಾ. ನಾನ್ ಹೇಳ್ತಾ ಹೋಗ್ತೀನಿ, ನೀ ಮಾಡ್ತಾ ಹೋಗು."

ಬೆಸುಗೆಯ ಹೊಗೆಗೆ ತಲೆನೋವೆಂದು ಅರ್ಜಿ ಬರೆದುಕೊಟ್ಟವಳು, ಶಾಲೆಯ ಹಿಂದಿನ ರಸ್ತೆಯಲ್ಲಿ ಇಳಿಯುತ್ತಿದ್ದವಳು, ಸಗಣಿಯ ಮೇಲೆ ಮಂಡಿಯೂರಿ ಕೈ ಹಾಕಿದೆ. ಒಳಗೆ ಎಷ್ಟು ಬಿಸಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಸು ತಿಣುಕಿದಾಗ ನನ್ನ ತೋಳು ಮುರಿದೇ ಹೋಯಿತು ಎನಿಸಿತು. "ಅದು ತಿಣುಕುವಾಗ ಸುಮ್ಮನಿರು. ಬಿಟ್ಟಾಗ ಮುಂದೆ ಹೋಗು. ಮೊಣಕಾಲು ಸಿಕ್ತಾ? ಅದರ ಕೆಳಗೆ ಗೊರಸು ಇರ್ತದೆ. ಅಂಗೈಯಲ್ಲಿ ಮುಚ್ಕೊ, ಒಳಗೆ ಗೀರಬಾರದು. ಈಗ ನಿಧಾನಕ್ಕೆ ತಾ." ಅಪ್ಪಾಜಿಯ ದನಿ ನನ್ನ ಕಿವಿಯ ಪಕ್ಕವೇ ಇತ್ತು. ಮಡಿಚಿದ್ದ ಇನ್ನೊಂದು ಕಾಲು ಬಿಚ್ಚಿಕೊಂಡು ಬಂದಿತು. ಹಗ್ಗದ ಕುಣಿಕೆ ಹಾಕಿದೆ, ಗಂಗಣ್ಣ ಎಳೆದ. ಕರು ನನ್ನ ಮಡಿಲಿಗೇ ಬಿದ್ದಿತು. ಅದು ಸೀನಿದ ಕೂಡಲೇ ನಾನು ಗೊಳೋ ಎಂದು ಅಳಲು ಶುರುಮಾಡಿದೆ. ಗಂಗಣ್ಣನ ಹೆಂಡತಿಗೆ ಹಸುವಿಗೆ ನೀರು ಕೊಡುವುದೋ ನನಗೆ ಕೊಡುವುದೋ ತಿಳಿಯದಾಯಿತು.

ಹಿಂದಿರುಗುವಾಗ ಹೊಲದ ಪಕ್ಕ ಅಪ್ಪಾಜಿ ಗಾಡಿ ನಿಲ್ಲಿಸಿದರು. ಸ್ಟೀರಿಂಗ್ ಮೇಲಿದ್ದ ಬಲಗೈ ಎತ್ತಿ ತೋರಿಸಿದರು.

"ಪ್ಲಾಸ್ಟರ್ ಬಿಚ್ಚಿದಾಗಿಂದ ಈ ಮೂರು ಬೆರಳಲ್ಲಿ ಬಲ ಇಲ್ಲವ್ವಾ. ಇಂಜೆಕ್ಷನ್ ಕೊಡಬಹುದು, ಔಷಧ ಕುಡಿಸಬಹುದು. ಕರು ಎಳೆಯೋಕಾಗಲ್ಲ. ಕೈಲಾಗಲ್ಲ ಅಂತ ಹೆಂಗ್ ಹೇಳೋದು? ಅದಕ್ಕೆ ಗಾಡಿ ಮೇಲೆ ಹಾಕ್ತಿದ್ದೆ."

ನನಗೆ ಅವರ ಮುಖ ನೋಡಲಾಗಲಿಲ್ಲ. ಗಾಡಿಯ ರೋಗಕ್ಕೆ ಮೂರು ತಿಂಗಳು ಮದ್ದು ಹುಡುಕಿದವಳು ನಾನು. ದಿನಾ ಎದುರಿಗೆ ಕೂತು ಉಣ್ಣುವ ಮನುಷ್ಯ ತುತ್ತನ್ನು ಹೇಗೆ ಹಿಡಿಯುತ್ತಾರೆ ಎಂದು ಒಮ್ಮೆಯೂ ನೋಡಿರಲಿಲ್ಲ. ಅವರಿಗೆ ಮರ್ಯಾದೆಯಿಂದ ಹಿಂದೆ ಸರಿಯಲು ಒಂದೇ ಒಂದು ಬಾಗಿಲಿತ್ತು, ಅದಕ್ಕೆ ಹೋಗಿ ನಾನು ಜಂಭದಿಂದ ಬೀಗ ಜಡಿದಿದ್ದೆ. ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ಮರುದಿನ ಸಂಜೆ ಫ್ಯಾಕ್ಟರಿಯಿಂದ ಬಂದವಳೇ ಬೆಸುಗೆ ಕಡ್ಡಿ ಕಾಯಿಸಿದೆ. ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, ಹೊರಗೆ ಕಾಣದ ಹಾಗೆ ಒಂದು ಪುಟ್ಟ ಸ್ವಿಚ್ಚು ಕೂರಿಸಿದೆ. ಅಪ್ಪಾಜಿಯನ್ನು ಕರೆದು ಮುಖಕ್ಕೆ ಮುಖ ಕೊಡದೆ ಹೇಳಿದೆ: "ಈ ಟ್ರಾನ್ಸಿಸ್ಟರ್ ನಂಬೋಕಾಗಲ್ಲ ಅಪ್ಪಾಜಿ. ಈ ಸ್ವಿಚ್ಚು ಕೆಳಗಿದ್ರೆ ಯಾರ್ ಬಂದ್ರೂ ಗಾಡಿ ಏಳಲ್ಲ." ಅವರು ಬಗ್ಗಿ ಒಮ್ಮೆ ಕೆಳಗೆ ಮಾಡಿದರು, ಒಮ್ಮೆ ಮೇಲೆ ಮಾಡಿದರು. "ಹೂಂ" ಎಂದರು.

ಆಮೇಲೆ ನಮ್ಮ ಗಾಡಿಗೆ ವಿಚಿತ್ರ ಜ್ಞಾನ ಬಂದಿತು. ಜ್ವರ, ಹೊಟ್ಟೆ ಉಬ್ಬರ, ಕಾಲುಬಾಯಿ ರೋಗ ಎಂದು ಬಂದರೆ ಒಂದೇ ಏಟಿಗೆ ಏಳುತ್ತಿತ್ತು. ಕುರ್ಚಿಯಲ್ಲಿ ಕೂತಿದ್ದ ಅಪ್ಪಾಜಿ ಮತ್ತೆ ಹಳ್ಳಿ ಸುತ್ತತೊಡಗಿದರು. ಕರು ಅಡ್ಡ ಬಂದಿದೆ ಎಂದರೆ ಮಾತ್ರ ಗಾಡಿ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಮೊದಲ ಸಲ ಹಾಗಾದದ್ದು ಮೂಡಲಪಾಳ್ಯದಿಂದ ಎಮ್ಮೆಯ ಹೆರಿಗೆಗೆಂದು ಒಬ್ಬ ಬಂದಾಗ. ಅಪ್ಪಾಜಿ ಕೂತರು. ಅವರ ಮೊಣಕೈ ಸ್ವಲ್ಪ ಕೆಳಗೆ ಹೋಗಿ ಬಂದದ್ದು ಗೇಟಿನಲ್ಲಿದ್ದ ನನಗೊಬ್ಬಳಿಗೇ ಕಾಣಿಸಿತು. ನಾಲ್ಕು ಸಲ ಗರ್ರೆನಿಸಿ ಇಳಿದು, ಬೀದಿಗೆಲ್ಲ ಕೇಳುವ ಹಾಗೆ, "ನನ್ನ ಮಗಳು ಏನೋ ಡಬ್ಬಿ ಹಾಕಿದಾಳೆ ಕಣಯ್ಯಾ, ಕೈ ಕೊಡ್ತು! ನೀನು ತಡ ಮಾಡಬ್ಯಾಡ, ಕೆಂಗೇರಿ ಡಾಕ್ಟ್ರ ಹತ್ರ ಓಡು" ಎಂದರು. ಆತ ಸೈಕಲ್ ಹತ್ತುವಾಗ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. "ನಾನ್ ಹಾಕಿದ್ದೇ ಸರಿ ಇಲ್ಲ" ಎಂದು ತಲೆ ತಗ್ಗಿಸಿದೆ.

ಪ್ಯಾರು ಸಾಬರಿಗೆ ಸುದ್ದಿ ಮುಟ್ಟಿ, ತಾವು ಕಟ್ಟಿದ ತಂತಿ ಹೇಗೆ ಕೈಕೊಟ್ಟಿತೆಂದು ಓಡಿ ಬಂದರು. ಬಾನೆಟ್ ಎತ್ತಿ ನೋಡಿದರು, ತಂತಿಯ ಜಾಡು ಹಿಡಿದು ಒಳಗೆ ಬಂದರು, ಸ್ಟೀರಿಂಗಿನ ಕೆಳಗೆ ತಲೆ ಹಾಕಿದರು. ಸ್ವಲ್ಪ ಹೊತ್ತು ತಲೆ ಹೊರಗೆ ಬರಲಿಲ್ಲ. ಬಂದ ಮೇಲೆ ನನ್ನನ್ನು ನೋಡಿದರು, ಜಗಲಿಯ ಮೇಲಿದ್ದ ಅಪ್ಪಾಜಿಯ ಕೈಯನ್ನು ನೋಡಿದರು. ಅವರಿಗೆ ಆ ಕೈಯ ಸುದ್ದಿ ನನಗಿಂತ ಮೊದಲೇ ಗೊತ್ತಿತ್ತೋ ಏನೋ. ಬೇಲಿಯಾಚೆ ಕುತ್ತಿಗೆ ಚಾಚಿದ್ದವರಿಗೆ, "ಇದು ಟ್ರಾನ್ಸಿಸ್ಟರ್ ಕೆಲಸ, ನಮಗೆ ತಿಳಿಯಲ್ಲ" ಎಂದು ಹೇಳಿ, ಕೈ ಒರೆಸಿಕೊಂಡು ಹೋದರು.

ಹೀಗೆ ಇದ್ದ ಒಂದು ಗಾಡಿಯನ್ನೂ ಕೆಡಿಸಿದ ಹುಡುಗಿ ಎಂದು ನಾನು ಇಡೀ ಬ್ಲಾಕಿಗೆ ಪ್ರಸಿದ್ಧಳಾದೆ. ರೇಡಿಯೊ ರಿಪೇರಿಗೆ ಕರೆಯುವುದನ್ನೂ ನಿಲ್ಲಿಸಿದರು. ಎದುರುಮನೆ ಆಂಟಿ ತಮ್ಮ ರೇಡಿಯೊ ಕೆಟ್ಟಾಗ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಗೇಟು ದಾಟುತ್ತಿದ್ದರು. ಮೊದಮೊದಲು ನನಗೆ ಹೊಟ್ಟೆ ಉರಿಯದೆ ಇರಲಿಲ್ಲ.

ಒಂದು ಸಂಜೆ ಹಿತ್ತಲ ಕಲ್ಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅಪ್ಪಾಜಿ ಪಕ್ಕದಲ್ಲಿ ಬಂದು ನಿಂತರು.

"ನಿನ್ನ ಹೆಸರು ಕೆಡಿಸ್ತಾ ಇದೀನಿ ಕಣವ್ವಾ."

"ಕೆಡ್ಲಿ ಬಿಡಿ ಅಪ್ಪಾಜಿ. ಅದೇನ್ ಮಹಾ ಹೆಸರು."

ಅವರು ನಕ್ಕರು. ಆಮೇಲೆ ಬಲಗೈಯನ್ನು ನನ್ನ ತಲೆಯ ಮೇಲೆ ಇಟ್ಟರು. ಹೆಬ್ಬೆರಳು, ತೋರುಬೆರಳು ಎರಡರದ್ದೇ ಒತ್ತು ಗೊತ್ತಾಯಿತು. ಉಳಿದ ಮೂರು ಅಲ್ಲಿದ್ದವೆಂಬುದೇ ತಿಳಿಯಲಿಲ್ಲ. ಅವರು ಕೈ ತೆಗೆಯುವವರೆಗೂ ನಾನು ತಲೆ ಅಲುಗಿಸಲಿಲ್ಲ.